ಫ್ಯಾನ್ ಸಪ್ಪಳಕ್ಕ ಎಷ್ಟು ವ್ಯಾಟ್?

ಹೋದ ಏಪ್ರಿಲ್‌ದಾಗ ಒಂದಿನ ಮಧ್ಯಾಹ್ನ. ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಗುಳೇದಗುಡ್ಡಕ್ಕ ತವರಮನಿಗೆ ಹೋಗಿದ್ಲು, ಮನ್ಯಾಗ ನಾ ಒಬ್ನ, ಹಾಲ್‌ನ್ಯಾಗ ನೆಲದ ಮ್ಯಾಲೆ ಹೊಟ್ಟಿ ಹಚ್ಚಿ ಮಲ್ಕೊಂಡು ಆಂಪ್ಲಿಫೈಯರಿನ ಹಿಂದಿನ ಸ್ಪೀಕರ್ ಟರ್ಮಿನಲ್ಲಿಗೆ ಮಲ್ಟಿಮೀಟರಿನ ಎರಡೂ ವೈರ್ ಹಚ್ಚಿ ನೋಡಾಕತ್ತಿದ್ದೆ. ಮೀಟರ್ 0.6 ವೋಲ್ಟ್ ಅಂತ ತೋರಿಸ್ತು. ಮೀಟರಿನ ಸೆಲ್ ವೀಕ್ ಆಗಿರಬೇಕು ಅನ್ಕೊಂಡು ಟಿವಿ ರಿಮೋಟಿನ ಸೆಲ್ ತಗದು ಹಾಕಿ ನೋಡಿದೆ, ಮತ್ತ ಅದ 0.6. ಇನ್ನೊಂದು ಚಾನೆಲ್ಲಿಗೆ, ಅಂದ್ರ ಇನ್ನೊಂದು ಬದಿ ಸ್ಪೀಕರಿನ ಟರ್ಮಿನಲ್ಲಿಗೆ, ಹಚ್ಚಿದೆ, ಅಲ್ಲೂ ಅಷ್ಟ.

ಆ ಆಂಪ್ ನಾ ಎರಡು ವರ್ಷದ ಹಿಂದ ಬೆಳಗಾವಿಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಒಂದೊಂದು ಚಾನೆಲ್ಲಿಗೆ 110 ವ್ಯಾಟ್, ತೂಕ 14 ಕಿಲೋ. ಬಸ್ಸಿನ ಡಿಕ್ಕಿಯಾಗ ಇಡಾಕ ಮನಸ್ಸು ಬರ್ಲಿಲ್ಲ ಅಂತ ಯರಗಟ್ಟಿ ದಾಟಿ ಲೋಕಾಪುರ ಬರೋತನಕ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದೆ, ಕಾಲು ಜೋಮ್ ಹಿಡಿದು ಆಮ್ಯಾಲ ಕೆಳಗ ಇಟ್ಟೆ ಅನ್ನೋದು ಬ್ಯಾರೆ ಮಾತು. ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯಂಗಿಲ್ಲ, ಹೆಂಡ್ತಿ ಇದನ್ನ ಓದತಾಳ. ಆಕಿಗೆ ಹೇಳಿದ ರೇಟು ಬ್ಯಾರೆ ಐತಿ.

110 ಯಾಕ ಬೇಕಿತ್ತು ಅಂತ ಕೇಳಿದ್ರ ಅವಾಗ ನನ್ನ ಕಡೆ ಉತ್ತರ ಇರಲಿಲ್ಲ, ಈಗೂ ಪೂರಾ ಇಲ್ಲ. ಇದ್ದ 40 ವ್ಯಾಟಿನ ಹಳೆ ಆಂಪ್ ಚಲೋನ ಇತ್ತು. ಆದ್ರ ಎಲ್ಲಿ ಓದಿದ್ರೂ ಪವರ್ ಜಾಸ್ತಿ ಇದ್ರ ಚಲೋ, ಹೆಡ್‌ರೂಮ್ ಬೇಕು (ಜೋರ್ ಪೆಟ್ಟಿಗೆ ಅಂತ ಮಿಗಿಸಿ ಇಟ್ಟ ಪವರ್), ಕಂಟ್ರೋಲ್ ಬರ್ತೈತಿ, ಸ್ಪೀಕರ್ ತಗ್ಗಾಗಿ ಬಾರಿಸಿದ್ರೂ ದನಿ ತುಂಬಿ ಬರ್ತೈತಿ ಅಂತೆಲ್ಲ ಬರೀತಿದ್ರು, ಓದಿ ಓದಿ ನಂಗೂ ನನ್ನ 40 ವ್ಯಾಟ್ ಬಡವರ ಮನಿ ಕೂಸಿನಂಗ ಕಾಣಾಕತ್ತಿತ್ತು. ನಾನೇನು ಇಂಜಿನಿಯರ್ ಅಲ್ಲ, ಸೊಸೈಟಿಯಾಗ ಲೆಕ್ಕ ಬರೆಯೋ ಮನುಷ್ಯಾ. ಆದ್ರ ಲೆಕ್ಕ ಬರೆಯೋನಿಗೆ ಒಂದು ಚಟ ಇರ್ತೈತಿ ನೋಡ್ರಿ, ಖರ್ಚು ಎಲ್ಲಿ ಹೋತು ಅಂತ ಹುಡುಕೂದು. 110 ವ್ಯಾಟ್ ತಂದೆ, ಅದರಾಗ ದಿನಾ ಎಷ್ಟು ಖರ್ಚಾಗಾಕತ್ತೈತಿ? ಆ ಪ್ರಶ್ನಿಗೇನ ಆ ಮಧ್ಯಾಹ್ನ ನೆಲದ ಮ್ಯಾಲ ಮಲಗಿದ್ದು.

ಅಳಿಯೋದು ಹೆಂಗ ಅಂತ ಹೇಳ್ತೀನಿ, ಭಾಳ ಸರಳ ಐತಿ. ಮೊದಲು ನೀವು ದಿನಾ ಕೇಳೋ ಹಾಡು ಹಾಕಿ, ದಿನಾ ಕೇಳೋ ಅಷ್ಟ ವಾಲ್ಯೂಮ್ ಇಟ್ಟು, ನಾಬ್ ಎಲ್ಲಿ ಐತಿ ಅಂತ ಪೆನ್ಸಿಲ್ಲಿಂದ ಗುರುತು ಮಾಡ್ರಿ. ಆಂಪ್ ಬಂದ್ ಮಾಡಿ ಸ್ಪೀಕರ್ ವೈರ್ ಬಿಚ್ರಿ. ಆಮ್ಯಾಲ ಅದ ಮೊಬೈಲ್ ಇಲ್ಲಾ ಕಂಪ್ಯೂಟರಿನಿಂದ ಒಂದು ಟೆಸ್ಟ್ ಟೋನ್ ಹಾಕ್ರಿ, ಡಿಜಿಟಲ್ ಫೈಲಿನ್ಯಾಗ ಇರಬಹುದಾದ ಪೂರ್ತಿ ಮಟ್ಟಕ್ಕಿಂತ 12 ಡೆಸಿಬಲ್ (ದನಿ ಜೋರಿನ ಅಳತಿ, ಸಣ್ಣದಾಗಿ ಡಿಬಿ ಅಂತಾರ) ಕಡಿಮಿ ಇರೋ ಟೋನು. 200 ಹರ್ಟ್ಜ್ ಇದ್ರ ಸಾಕು, ಯಾಕಂದ್ರ ಸೋವಿ ಮೀಟರುಗಳು 400 ಹರ್ಟ್ಜ್ ಮ್ಯಾಲ ಏನೇನೋ ತೋರಿಸ್ತಾವು, ಅವನ್ನ ಮಾಡಿದ್ದ ಮನಿ ಕರೆಂಟ್ ನೋಡಾಕ. ಮೀಟರ್ ಎಸಿ ವೋಲ್ಟಿಗೆ ಇಟ್ಟು ಓದ್ರಿ. ಬಂದ ಸಂಖ್ಯಾಕ್ಕ ನಾಲ್ಕರಿಂದ ಗುಣಿಸ್ರಿ, ಯಾಕಂದ್ರ 12 ಡಿಬಿ ಅಂದ್ರ ವೋಲ್ಟಿನ್ಯಾಗ ನಾಲ್ಕು ಪಟ್ಟು. ಆ ಬಂದಿದ್ದನ್ನ ಅದರಿಂದನ ಗುಣಿಸಿ, ಕರೆಂಟಿಗೆ ಸ್ಪೀಕರ್ ಎಷ್ಟು ತಡೆ ಕೊಡತೈತಿ ಅಂತ ಹೇಳೋ ಅದರ ಓಮ್‌ನಿಂದ ಭಾಗಿಸಿದ್ರ ವ್ಯಾಟ್ ಸಿಗತೈತಿ. ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲಿ ಗಾಜಿನ ಟ್ಯೂಬ್ ಇರೋದು) ಇದ್ದವರು ಮಾತ್ರ ಸ್ಪೀಕರ್ ಬಿಚ್ಚಬ್ಯಾಡ್ರಿ, ಲೋಡ್ ಇಲ್ಲದ ಓಡಿಸಿದ್ರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು, ಆಮ್ಯಾಲ ನನ್ನ ಬಯ್ಯಬ್ಯಾಡ್ರಿ.

ನಂದು 0.6 ಬಂದಿತ್ತಲ್ಲ, ನಾಲ್ಕರಿಂದ ಗುಣಿಸಿದ್ರ 2.4 ವೋಲ್ಟ್. 2.4 ಗುಣಿಸು 2.4, ಅಂದ್ರ 5.76. 8 ಓಮ್‌ನಿಂದ ಭಾಗಿಸಿದ್ರ 0.72. ಮುಕ್ಕಾಲು ವ್ಯಾಟೂ ಇಲ್ಲ! ಮತ್ತ ಇದು ಸರಾಸರಿ ಅಲ್ಲ, ನೆನಪಿಟ್ಕೋರಿ, ಆ ವಾಲ್ಯೂಮ್‌ದಾಗ ಹಾಡಿನ ಅತೀ ದೊಡ್ಡ ಪೆಟ್ಟಿಗೆ ಹೋಗಬಹುದಾದ ಮಿತಿ, ಫೈಲ್ ಅದಕ್ಕಿಂತ ಮ್ಯಾಲ ಹೋಗಾಕ ಸಾಧ್ಯನ ಇಲ್ಲ. ಸರಾಸರಿ ಅಂದ್ರ ಅದರಾಗ ಇಪ್ಪತ್ತನೇ ಪಾಲೋ ಮೂವತ್ತನೇ ಪಾಲೋ. ಸುಳ್ಳು ಯಾಕ ಹೇಳ್ಲಿ, ಮೊದಲು ನಗು ಬಂತು, ಆಮ್ಯಾಲ ಬೆಳಗಾವಿ ಬಸ್ ನೆನಪಾತು.

ಸರಿ, ಜೋರ್ ಇಟ್ರ? ಮನ್ಯಾಗ ಯಾರೂ ಇಲ್ಲದಾಗ ನಾ ಎಷ್ಟು ಜೋರ್ ಇಡ್ತೀನಿ ಅಂತ ಇನ್ನೊಂದು ಗುರುತು ಮಾಡಿದ್ದೆ, ಹಳೆ ರೆಕಾರ್ಡಿಂಗ್ ಹಾಕಿ, ಬಾಜೂಮನಿ ಅಕ್ಕಾರು ಕಿಡಕಿ ಹಾಕ್ಕೊಳ್ಳೋ ಅಷ್ಟು. ಅಲ್ಲಿ ಮೀಟರ್ 2.1 ತೋರಿಸ್ತು. ಲೆಕ್ಕ ಹಾಕಿದ್ರ 8.8 ವ್ಯಾಟ್. ಸ್ಪೀಕರಿನ ಮ್ಯಾಲ 8 ಓಮ್ ಅಂತ ಬರೆದಿದ್ರೂ ಎಲ್ಲಾ ಫ್ರೀಕ್ವೆನ್ಸಿಗೂ ಅದು 8 ಇರಂಗಿಲ್ಲ, ಕೆಲವು ಕಡೆ 5ಕ್ಕ ಇಳಿತೈತಿ, ಹಂಗ ಹಿಡಿದ್ರೂ 14 ವ್ಯಾಟ್. ಅಂದ್ರ ನನ್ನ ಇಡೀ ಬಾಳೇ ಈ 14 ವ್ಯಾಟಿನೊಳಗ ಮುಗಿತು. ಉಳಿದ 96 ವ್ಯಾಟ್ ಎರಡು ವರ್ಷದಿಂದ ಟಿವಿ ಸ್ಟ್ಯಾಂಡಿನ್ಯಾಗ ಸುಮ್ನ ಕುಂತು ನಿದ್ದಿ ಮಾಡಾಕತ್ತಾವು.

ಇಲ್ಲಿ ಡೆಸಿಬಲ್ ಅನ್ನೋದು ಏನು ಮಾಡ್ತೈತಿ ಅಂತ ಒಂದು ಮಾತು ಹೇಳಬೇಕು. ನಮ್ಮ ಕಿವಿ ರೊಕ್ಕದಂಗ ಎಣಿಸಂಗಿಲ್ಲ. ಪವರ್ ಎರಡು ಪಟ್ಟು ಮಾಡಿದ್ರ 3 ಡಿಬಿ ಏರ್ತೈತಿ, ಅದು ಕಿವಿಗೆ "ಹಾಂ, ಸ್ವಲ್ಪ ಜೋರಾತು" ಅನ್ನೋ ಅಷ್ಟ. ಎರಡು ಪಟ್ಟು ಜೋರು ಅಂತ ಅನಿಸಬೇಕಂದ್ರ ಸುಮಾರು 10 ಡಿಬಿ ಬೇಕು, ಅಂದ್ರ ಹತ್ತು ಪಟ್ಟು ಪವರ್. ಹಂಗಾಗಿ ನನ್ನ ಹಳೆ 40 ವ್ಯಾಟಿಗೂ ಹೊಸ 110 ವ್ಯಾಟಿಗೂ ನಡುವ ಇರೋ ಫರಕು ನಾಲ್ಕೂವರಿ ಡಿಬಿನೂ ಇಲ್ಲ, ಅದೂ ಎರಡೂ ಪೂರ್ತಿ ಕೂಗಿದಾಗ, ನಾನಂತೂ ಎಂದೂ ಕೂಗಿಸಲ್ಲ. ಅಂಗಡ್ಯಾಗ 50 ವ್ಯಾಟ್ ಬ್ಯಾಡ್ರಿ 70 ತಗೋರಿ ಅಂತಾರಲ್ಲ, ಅದಕ್ಕ ಬರೋದು ಒಂದೂವರಿ ಡಿಬಿ. ಕುರ್ಚಿ ಒಂದೆರಡು ಫೂಟು ಮುಂದ ಎಳಕೊಂಡು ಕುಂತ್ರ ಅದು ಪುಕ್ಕಟೆ ಸಿಗತೈತಿ.

ನಂಗೆ ಈ ಲೆಕ್ಕ ಗೊತ್ತಾಗಾಕ ಐವತ್ತು ವರ್ಷ ಹತ್ತಿತು, ನಮ್ಮ ಸೋದರಮಾವಗ ಮಾತ್ರ ಓದಲಾರದನ ಗೊತ್ತಿತ್ತು. ಮಾಮಾ ಕೆರೂರ ಕಡೆ ಹಳ್ಯಾಗ ಮೈಕ್ ಸೆಟ್ ಇಟ್ಟಿದ್ದ. ಮದುವಿ, ಜಾತ್ರಿ, ಬಯಲಾಟ, ಎಲೆಕ್ಷನ್, ಎಲ್ಲಾದಕ್ಕೂ ಒಂದ ಆಂಪ್ಲಿಫೈಯರು, ತಗಡಿನ ಡಬ್ಬಿಯಂಗ ಇತ್ತು, ಹಿಂದ 2ಎನ್3055 ಅನ್ನೋ ದಪ್ಪ ಟ್ರಾನ್ಸಿಸ್ಟರ್ ಎರಡು, ಟ್ರಕ್ಕಿನ ಬ್ಯಾಟರಿ ಮ್ಯಾಲ ಓಡ್ತಿತ್ತು. ಎಲ್ಲಾ ಕೂಡಿ 30 ವ್ಯಾಟ್. ಬೇವಿನ ಗಿಡಕ್ಕ ಎರಡು ಹಾರ್ನ್ ಕಟ್ಟಿ ಮುಂಜಾನೆ ಐದಕ್ಕ ಭಕ್ತಿಗೀತೆ ಹಚ್ಚಿದ್ರ ಹಳ್ಳದ ಆಚಿ ಕಡೆ ಊರಿನ ಮಂದಿ ಎದ್ದು ಕುಂದ್ರತಿದ್ರು. ನಾ ಸಣ್ಣಾಂವ ಇದ್ದಾಗ ಅವನ ಹಿಂದ ವೈರ್ ಸುರುಳಿ ಹಿಡ್ಕೊಂಡು ಓಡಾಡ್ತಿದ್ದೆ. 30 ವ್ಯಾಟಿಗೆ ಎರಡು ಊರು ಎದ್ರ, 110 ವ್ಯಾಟಿಗೆ ನಮ್ಮ ಹಾಲ್‌ನ ಯಾಕ ಅಲುಗಾಡಂಗಿಲ್ಲ?

ಉತ್ತರ ಸ್ಪೀಕರಿನ ಹಿಂದ ಸಣ್ಣ ಅಕ್ಷರದಾಗ ಬರೆದಿರ್ತೈತಿ, ಸೆನ್ಸಿಟಿವಿಟಿ ಅಂತ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರ ನಿಂತು ಅಳೆದ್ರ ಎಷ್ಟು ಡಿಬಿ ಬರ್ತೈತಿ ಅನ್ನೋ ಲೆಕ್ಕ. ನನ್ನ ಸ್ಪೀಕರಿಂದು 86. ಮನ್ಯಾಗ ಇಡೋ ಸಣ್ಣ ಸ್ಪೀಕರುಗಳು ಭಾಳಷ್ಟು 84ರಿಂದ 88ರ ನಡುವ ಇರ್ತಾವು. ಮಾಮಾನ ಹಾರ್ನಿಂದು 106ರ ಆಸುಪಾಸು ಅಂತ ಹಿಡಿರಿ. 20 ಡಿಬಿ ಫರಕು, ಅಂದ್ರ ನೂರು ಪಟ್ಟು. ಮಾಮಾನ 30 ವ್ಯಾಟಿನ ದನಿ ನನ್ನ ಸ್ಪೀಕರಿಂದ ಹೊರಡಬೇಕಂದ್ರ 3000 ವ್ಯಾಟ್ ಬೇಕು, ಅಷ್ಟು ಕೊಟ್ರ ಸ್ಪೀಕರಿನಿಂದ ದನಿ ಅಲ್ಲ, ಹೊಗಿ ಬರ್ತೈತಿ.

ಹಂಗಾದ್ರ ಎಲ್ಲಾರೂ ಮನ್ಯಾಗ ಹಾರ್ನ್ ಯಾಕ ಇಡಬಾರದು? ಯಾಕಂದ್ರ ಆ ಹಾರ್ನಿಗೆ ಬೇಸ್ ಅನ್ನೋದ ಇಲ್ಲ. ಮಾತು, ಶಹನಾಯಿ, ಹಾರ್ಮೋನಿಯಂ ಇಷ್ಟ ದಾಟಿಸ್ತೈತಿ, ತಬಲಾದ ಡಗ್ಗಾ ಅದರಾಗ ಕೇಳಂಗ ಇಲ್ಲ, ಇದ್ದ ದನಿನ ಒಂದ ದಿಕ್ಕಿಗೆ ದೂಡ್ತೈತಿ. ಮನಿ ಸ್ಪೀಕರ್ ಮಾಡೋರಿಗೆ ಮೂರು ಆಸೆ ಇರ್ತಾವು, ಡಬ್ಬಿ ಸಣ್ಣದಿರಬೇಕು, ಬೇಸ್ ಆಳ ಇಳಿಬೇಕು, ಕಡಿಮಿ ಪವರಿಗೆ ಜೋರ್ ಹಾಡಬೇಕು. ಮೂರರಾಗ ಎರಡು ಸಿಗತಾವು, ಮೂರನೇದು ಬಿಡಬೇಕು, ಅಂಗಡಿಯವ್ರು ಬಿಟ್ಟಿದ್ದು ಯಾವಾಗಲೂ ಮೂರನೇದನ್ನ. ಬಿಬಿಸಿಯವ್ರು 1970ರ ದಶಕದಾಗ ಸಣ್ಣ ಜಾಗದಾಗ ರೆಕಾರ್ಡಿಂಗ್ ಕೇಳಾಕ ಅಂತ ಮಾಡಿದ ಎಲ್‌ಎಸ್3/5ಎ ಅನ್ನೋ ಸ್ಪೀಕರ್ ಇವತ್ತಿಗೂ ಮಂದಿ ಪೂಜಿ ಮಾಡ್ತಾರ, ಅದರದ್ದು 82-83 ಡಿಬಿ ಅಷ್ಟ. ಒಂದೊಂದು ಸಲ ಇದನ್ನ ಯೋಚಿಸಿದ್ರ ತಲಿ ತಿರುಗ್ತೈತಿ, 86 ಡಿಬಿ ಸ್ಪೀಕರಿಗೆ 100 ವ್ಯಾಟ್ ಕರೆಂಟ್ ಕೊಟ್ರ ಅದರಾಗ ದನಿ ಆಗಿ ಹೊರಗ ಬರೋದು ಕಾಲು ವ್ಯಾಟ್! ಉಳಿದಿದ್ದೆಲ್ಲ ಒಳಗಿನ ಕಾಯಿಲ್ ಬಿಸಿ ಮಾಡಾಕ. ನಮ್ಮ ಬಿಸಲಿಗೆ ಇದೊಂದು ಕಡಿಮಿ ಆಗಿತ್ತು.

ವ್ಯಾಟ್ ಅಂದ್ರ ಮಂದಿ ನಂಬೋದು ಬಿಟ್ಟಿದ್ದು ಯಾವಾಗಂದ್ರ ಪಿಎಂಪಿಒ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್, ಒಂದು ಕ್ಷಣದ ತುದಿ ಪವರ್) ಅನ್ನೋದು ಬಂದ ಮ್ಯಾಲ. ನಮ್ಮ ತಮ್ಮ ಒಂದ್ಸಲ ದೀಪಾವಳಿಗೆ ಪಾಡ್ಯದ ದಿನ ಒಂದು ಸೆಟ್ ತಂದಿದ್ದ, ಮುಂದ ಬೆಳ್ಳಿ ಬಣ್ಣದ ಸ್ಟಿಕ್ಕರ್, 1200 ವ್ಯಾಟ್ ಪಿಎಂಪಿಒ ಅಂತ. ಅಪ್ಪ ಅದನ್ನ ತಿರುವಿ ಹಿಂದ ನೋಡಿದ, ಕರೆಂಟ್ ಎಳಿಯೋದು 45 ವ್ಯಾಟ್ ಅಂತ ಬರೆದಿತ್ತು. "45 ವ್ಯಾಟ್ ತಿಂದು 1200 ವ್ಯಾಟ್ ಕೊಡೋ ಆಕಳ ಯಾವ ಸಂತ್ಯಾಗ ಸಿಕ್ಕಿತಪಾ?" ಅಂದ. ತಮ್ಮ ಒಂದು ವಾರ ಮಾತಾಡ್ಲಿಲ್ಲ. ಪಿಎಂಪಿಒಗೆ ಹಿಂಗ ಅಳಿಬೇಕು ಅಂತ ಒಂದು ಕಟ್ಟಾ ನಿಯಮ ಇರಲಿಲ್ಲ, ಯಾರಿಗೆ ಎಷ್ಟು ಬೇಕೋ ಅಷ್ಟು ಬರಕೊಂಡ್ರು. ಅಮೆರಿಕಾದಾಗ ಇಂಥ ಸುಳ್ಳು ಭಾಳ ಆಗಿ 1974ರಾಗನ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂತು, ಆಂಪ್ ಮಾರೋರು ಎಷ್ಟು ಓಮಿಗೆ, ಎಲ್ಲಿಂದ ಎಲ್ಲೀತನಕ ಫ್ರೀಕ್ವೆನ್ಸಿಗೆ, ಎಷ್ಟು ಡಿಸ್ಟಾರ್ಷನ್ (ದನಿ ಕೆಡೋದು) ಇಟ್ಕೊಂಡು ಸತತ ಎಷ್ಟು ವ್ಯಾಟ್ ಕೊಡ್ತೈತಿ ಅಂತ ಹೇಳಬೇಕು ಅಂತ. ಹಂಗ ಪ್ರಾಮಾಣಿಕವಾಗಿ ಹೇಳಿದ್ರ ಸಂಖ್ಯಾ ಸಣ್ಣದಾಗಿ ಕಾಣತೈತಿ. 1978ರಾಗ ಬಂದ ನ್ಯಾಡ್ 3020 ಅನ್ನೋ ಆಂಪ್ ಬರೇ 20 ವ್ಯಾಟಿಂದು, ಆದ್ರ ಹಾಡಿನ ಪೆಟ್ಟು ಬಂದಾಗ ಒಂದು ಕ್ಷಣಕ್ಕ ಅದರ ಎರಡು ಪಟ್ಟು ಕೊಡೋ ತಾಕತ್ತು ಇತ್ತು, ಜಗತ್ತಿನ ತುಂಬಾ ಮಂದಿ ಅದನ್ನ ಇಟ್ಕೊಂಡು ಖುಷಿಯಾಗಿ ಕೇಳಿದ್ರು.

ಪೆಟ್ಟು ಅಂದೆನಲ್ಲ, ಖರೇ ವಿಷಯ ಅಲ್ಲೈತಿ. ಹಾಡು ಒಂದ ಸಮ ಇರಂಗಿಲ್ಲ. ತಂಬೂರಿ ಒಂದ ಸಮ, ಅದಕ್ಕ ಏನೂ ಪವರ್ ಬ್ಯಾಡ. ಆದ್ರ ನಮ್ಮೂರ ಹೋಳಿ ಹಲಗಿ? ಬಾಗಲಕೋಟಿ ಹೋಳಿ ನೋಡಿದವರಿಗೆ ಹೇಳೋದು ಬ್ಯಾಡ, ಹಲಗಿ ಮೇಳದ ನಡುವ ನಿಂತ್ರ ಎದಿಯೊಳಗ ಬಡದಂಗ ಆಗತೈತಿ, ಅದು ಯಾವ ಆಂಪ್ಲಿಫೈಯರೂ ಇಲ್ಲದ, ಬರೇ ತೊಗಲು ಕಟ್ಟಿಗಿ. ಒಂದು ವರ್ಷ ಹಳೆ ಊರಿನ ಓಣ್ಯಾಗ ಹಲಗಿ ರೆಕಾರ್ಡ್ ಮಾಡ್ಕೊಂಡು ಬಂದು ಕಂಪ್ಯೂಟರಿನ್ಯಾಗ ಹಾಕಿ ನೋಡಿದೆ, ಪೆಟ್ಟಿನ ತುದಿಗೂ ಸರಾಸರಿಗೂ 18 ಡಿಬಿ ಫರಕು ಇತ್ತು. ಅಂದ್ರ ಸರಾಸರಿ ಅರ್ಧ ವ್ಯಾಟ್ ಹೋಗಾಕತ್ತಿದ್ರ, ಆ ಪೆಟ್ಟಿನ ಕ್ಷಣಕ್ಕ 30 ವ್ಯಾಟಿನ ಮ್ಯಾಲ ಬೇಕು. ಈಗಿನ ಸಿನಿಮಾ ಹಾಡಿನ್ಯಾಗ ಎಲ್ಲಾನೂ ಒತ್ತಿ ಒತ್ತಿ ತುಂಬಿರ್ತಾರ, ಸರಾಸರಿಗೂ ತುದಿಗೂ 8-10 ಡಿಬಿ ಇದ್ರ ಹೆಚ್ಚು, ಅದಕ್ಕ ಅವನ್ನ ಬಾರಿಸಾಕ ಸಣ್ಣ ಆಂಪ್ ಸಾಕು. ದೊಡ್ಡ ಆಂಪ್ ಬೇಕಾಗೋದು ಡಿಜೆ ಹಾಡಿಗೆ ಅಂತ ತಿಳಕೊಂಡಿರ್ತೀವಿ, ಮನ್ಯಾಗ ಆದ್ರ ಉಲ್ಟಾ, ಮೆಲ್ಲಗ ನಡುವ ನಡುವ ಪೆಟ್ಟು ಬೀಳೋ ಸಂಗೀತಕ್ಕನ ಜಾಸ್ತಿ ಬೇಕು. ಈ ಒಂದು ಕಾರಣಕ್ಕ ನಾ ಒಂದು ವ್ಯಾಟ್ ಸಾಕು ಅನ್ನೋ ಗುಂಪಿಗೆ ಪೂರಾ ಸೇರಂಗಿಲ್ಲ.

ಕಡಿಮಿ ಆದ್ರ ಏನಾಗತೈತಿ ಅಂತನೂ ನೋಡೀನಿ. ಗೆಳೆಯಾ ಒಬ್ಬ ಮನಿ ವಾಸ್ತು ಶಾಂತಿಗೆ 20 ವ್ಯಾಟಿನ ಸಣ್ಣ ಆಂಪ್ ಬೋರ್ಡಿಗೆ ಚಲೋ ಸ್ಪೀಕರ್ ಹಚ್ಚಿ, ಮಂದಿ ಬಂದಾರ ಅಂತ ಬೇಸ್ ನಾಬ್ ಪೂರ್ತಿ ತಿರುವಿ, ವಾಲ್ಯೂಮೂ ಪೂರ್ತಿ ಇಟ್ಟ. ಬೇಸ್ 10 ಡಿಬಿ ಏರಿಸಿದ್ರ ಆ ಭಾಗಕ್ಕ ಹತ್ತು ಪಟ್ಟು ಪವರ್ ಬೇಕು ಅಂತ ಅವಗ ಯಾರು ಹೇಳಬೇಕು. ಆಂಪ್ ತನ್ನ ಕಡೆ ಇದ್ದ ವೋಲ್ಟ್ ಮುಗಿದ ಮ್ಯಾಲ ಅಲೆಯ ತಲಿ ಸಪಾಟ್ ಕತ್ತರಿಸ್ತೈತಿ, ಅದಕ್ಕ ಕ್ಲಿಪ್ಪಿಂಗ್ ಅಂತಾರ. ಬೇಸ್ ಅಲ್ಲಿಗೆ ನಿಂತಿರ್ತೈತಿ, ಆದ್ರ ವಾಲ್ಯೂಮ್ ಏರಿಸಿದಂಗ ಮ್ಯಾಲಿನ ಸಣ್ಣ ದನಿ ಏರ್ತಾನ ಹೋಗ್ತಾವು, ಕತ್ತರಿಸಿದ ಅಂಚಿನಿಂದ ಹುಟ್ಟಿದ ಕಿರಿಕಿರಿನೂ ಅದರ ಜೋಡಿ ಸೇರಿ ಎಲ್ಲಾ ಅಂಥ ದನಿ ಹೊರಡಿಸೋ ಸಣ್ಣ ಸ್ಪೀಕರು, ಟ್ವೀಟರಿಗೆ ಹೋಗಿ ಬೀಳತೈತಿ, ಪಾಪ ಅದರ ಕಾಯಿಲ್ ಕೂದಲದಷ್ಟು ಸಣ್ಣದು. ಊಟದ ಪಂಕ್ತಿ ಏಳೋದರಾಗ ಎರಡೂ ಟ್ವೀಟರ್ ಹೋಗಿದ್ವು. ಸಣ್ಣ ಆಂಪ್ ದೊಡ್ಡ ಸ್ಪೀಕರ್ ಸುಡತೈತೇನು ಅಂತ ಅವ ಇವತ್ತಿಗೂ ನಂಬಂಗಿಲ್ಲ, ಸ್ಪೀಕರ್ ಡುಪ್ಲಿಕೇಟ್ ಇತ್ತು ಅಂತಾನ.

ಇನ್ನೊಂದು ಭ್ರಮೆ ವಾಲ್ಯೂಮ್ ನಾಬಿಂದು. ನಾಬ್ ಅರ್ಧಕ್ಕ ಐತಿ ಅಂದ್ರ ಅರ್ಧ ಪವರ್ ಉಳದೈತಿ ಅಂತಲ್ಲ. ಮೊಬೈಲಿಂದ ಬರೋ ಸಿಗ್ನಲ್ ಜೋರಿದ್ರ ಅರ್ಧಕ್ಕನ ಆಂಪ್ ಪೂರ್ತಿ ಮುಗಿದಿರ್ತೈತಿ, ಉಳಿದ ಅರ್ಧ ಬರೇ ತಿರುವಾಕ ಇರ್ತೈತಿ. ಎರಡು ನೂಲು ತಿರುವಿದ್ರ ಮನಿ ಅದುರೋ ಆಂಪಿಗೆ ಮಂದಿ ತಾಕತ್ ಭಾಳ ಐತಿ ಅಂತಾರ, ಅದು ತಾಕತ್ ಅಲ್ಲ, ಗೇನ್, ಅಂದ್ರ ಬಂದ ಸಿಗ್ನಲ್ ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನೋದು, ಜಾಸ್ತಿ ಇಟ್ಟಿರ್ತಾರ ಅಷ್ಟ.

ಇರ್ಲಿ, ನಾ ಹೇಳಬೇಕಂತ ಕುಂತಿದ್ದು ಬ್ಯಾರೇನ ಐತಿ. ಆ ಏಪ್ರಿಲ್ ಮಧ್ಯಾಹ್ನ 0.6 ವೋಲ್ಟ್ ಬಂದಾಗ ಫ್ಯಾನ್ ಬಂದ್ ಇತ್ತು. ಮೀಟರಿನ ವೈರ್ ಹಾರಬಾರದು, ಕಾಗದ ಹಾರಬಾರದು ಅಂತ ಬಂದ್ ಮಾಡಿದ್ದೆ, ಮೈತುಂಬಾ ಬೆವರು. ಅಳೆದಿದ್ದು ಮುಗಿದ ಮ್ಯಾಲ ಸ್ಪೀಕರ್ ಮತ್ತ ಹಚ್ಚಿ, ಫ್ಯಾನ್ ಐದಕ್ಕ ಇಟ್ಟು, ಅದ ಹಾಡು ಹಾಕಿ ಕುಂತೆ. ಸ್ವಲ್ಪ ಹೊತ್ತಿಗೆ ನೋಡ್ತೀನಿ, ನನ್ನ ಕೈ ತಾನ ಹೋಗಿ ವಾಲ್ಯೂಮ್ ಏರಿಸೈತಿ, ಪೆನ್ಸಿಲ್ ಗುರುತು ದಾಟಿ ಹೋಗೈತಿ. ಮತ್ತ ಬಿಚ್ಚಿ ಅಳೆದೆ. 1.1 ವೋಲ್ಟ್. ಲೆಕ್ಕ ಹಾಕಿದ್ರ 2.4 ವ್ಯಾಟ್. ಮುಂಚೆ 0.72 ಇತ್ತು. ಮೂರು ಪಟ್ಟಿಗಿಂತ ಜಾಸ್ತಿ ಪವರ್, ಒಂದ ಹಾಡು, ಒಂದ ಖೋಲಿ, ಒಂದ ಕಿವಿ, ನಡುವ ಬಂದಿದ್ದು ಒಂದು ಫ್ಯಾನ್.

ಮೊಬೈಲ್ ಆಪ್‌ನ್ಯಾಗ ನೋಡಿದೆ, ಅದನ್ನ ಪೂರ್ತಿ ನಂಬಬಾರದು ಖರೆ, ಆದ್ರೂ ಫರಕು ತಿಳಿತೈತಿ. ಫ್ಯಾನ್ ಬಂದ್ ಇದ್ದಾಗ 34, ಐದರಾಗ ಇಟ್ರ 52. ಸರ್ಕಾರದ 2000ನೇ ಇಸ್ವಿ ಶಬ್ದಮಾಲಿನ್ಯ ನಿಯಮದಾಗ ಮಂದಿ ವಾಸ ಇರೋ ಜಾಗಕ್ಕ ರಾತ್ರಿ 45 ಡೆಸಿಬಲ್ ಮಿತಿ ಐತಿ, ನಮ್ಮ ಮನಿ ಫ್ಯಾನ್ ಒಂದ ಅದನ್ನ ಮೀರಿಸಿ ಕುಂತೈತಿ. ಹಾಡಿನ ಮೆಲ್ಲಗಿನ ಭಾಗ ಇದೆಲ್ಲಾದರ ಕೆಳಗ ಮುಳುಗಿ ಹೋಗ್ತೈತಿ, ಮಲ್ಲಿಕಾರ್ಜುನ ಮನ್ಸೂರರು ಒಂದು ಸ್ವರ ಬಿಟ್ಟು ಉಸರು ತಗೊಳ್ಳೋ ಜಾಗ ಇರ್ತೈತಲ್ಲ, ಅಲ್ಲಿ ನಂಗೆ ಕೇಳೋದು ಫ್ಯಾನಿನ ಗುರ್ರ್ ಸಪ್ಪಳ. ಅದನ್ನ ಎತ್ತಾಕ ವಾಲ್ಯೂಮ್ ಏರಿಸ್ತೀನಿ, ಮೆಲ್ಲಗಿಂದು ಏರಿದಂಗ ಪೆಟ್ಟೂ ಏರ್ತೈತಿ, ಪೆಟ್ಟು ಏರಿದ್ರ ಬಾಜೂಮನಿ ಕಿಡಕಿ. ಕೆಳಗ ಫ್ಯಾನು, ಮ್ಯಾಲ ಅಕ್ಕಾರು, ನಡುವಿನ ಸಂದ್ಯಾಗ ನನ್ನ ಸಂಗೀತ. ಆ ಸಂದಿಗೆ ಎಷ್ಟು ವ್ಯಾಟ್ ತಂದು ಸುರುವಿದ್ರೂ ಅದು ಅಗಲ ಆಗಂಗಿಲ್ಲ.

ಹಳೆ ಬಾಗಲಕೋಟ್ಯಾಗ ನಮ್ಮದು ಮಣ್ಣಿನ ಮ್ಯಾಳಿಗಿ ಮನಿ ಇತ್ತು. ಗ್ವಾಡಿ ಎರಡು ಮೊಳ ದಪ್ಪ, ಬ್ಯಾಸಿಗ್ಯಾಗೂ ಒಳಗ ತಣ್ಣಗ, ಫ್ಯಾನ್ ಇರಲಿಲ್ಲ, ಬೇಕು ಅಂತನೂ ಅನಿಸ್ತಿರಲಿಲ್ಲ. ಪಡಸಾಲ್ಯಾಗ ಗೂಟಕ್ಕ ಅಪ್ಪನ ಟ್ರಾನ್ಸಿಸ್ಟರ್ ರೇಡಿಯೋ, ನಾಲ್ಕು ಸೆಲ್ ಹಾಕೋದು. ಈಗ ಲೆಕ್ಕ ಹಾಕಿ ನೋಡ್ತೀನಿ, ನಾಲ್ಕು ಸೆಲ್ ಅಂದ್ರ 6 ವೋಲ್ಟ್, 8 ಓಮಿನ ಸ್ಪೀಕರಿಗೆ ಅದರಿಂದ ಏನು ಮಾಡಿದ್ರೂ ಅರ್ಧ ವ್ಯಾಟ್ ದಾಟೋದು ಕಷ್ಟ. ಆ ಅರ್ಧ ವ್ಯಾಟಿನ್ಯಾಗ ಧಾರವಾಡ ಆಕಾಶವಾಣಿ ಪಡಸಾಲಿಗೆ, ಅಡಗಿಮನಿಗೆ, ಅಂಗಳದಾಗ ಹಪ್ಪಳ ಹಾಕ್ತಿದ್ದ ಅವ್ವಗ, ಎಲ್ಲಾರಿಗೂ ಕೇಳ್ತಿತ್ತು. ಆಲಮಟ್ಟಿ ಹಿನ್ನೀರು ಬರ್ತೈತಿ ಅಂತ ಆ ಓಣಿ ಖಾಲಿ ಮಾಡಿಸಿದ್ರು, ಮುಳುಗಡಿ ಪರಿಹಾರ ಬಂತು, ನವನಗರದಾಗ ಸೈಟ್ ಸಿಕ್ಕು ಆರ್‌ಸಿಸಿ ಮನಿ ಆತು. ಮ್ಯಾಲ ಸ್ಲ್ಯಾಬ್ ಕಾಯ್ದು ರಾತ್ರಿ ಹನ್ನೊಂದಾದ್ರೂ ಒಲಿಯಂಗ ಇರ್ತೈತಿ, ಫ್ಯಾನ್ ಇಲ್ಲದ ಕೂಡೋದು ಆಗೋ ಮಾತಲ್ಲ. ಕೆಳಗ ಟೈಲ್ಸು, ಗ್ವಾಡಿ ಸಿಮೆಂಟು, ಚಪ್ಪಾಳಿ ತಟ್ಟಿದ್ರ ತಿರುಗಿ ಕೇಳತೈತಿ. ಇಲ್ಲಿ ಗೋಲಗುಂಬಜದ ಉದಾಹರಣಿ ಕೊಡಬೇಕಂತ ಕೈ ತುರಿಸ್ತೈತಿ, ಆದ್ರ ಬ್ಯಾಡ, ವಿಜಯಪುರದ ಗೆಳೆಯಾರು ಅದನ್ನ ಎಲ್ಲಾದಕ್ಕೂ ತರ್ತಾರ. ಒಂದು ಹಳೆ ಗಾದಿ ಗ್ವಾಡಿಗೆ ನಿಲ್ಲಿಸಿದ್ದಕ್ಕ ನನ್ನ ಹಾಲ್ ಸುಧಾರಿಸಿದಷ್ಟು ಯಾವ ಆಂಪೂ ಸುಧಾರಿಸಲಿಲ್ಲ, ಬಂದವರು ಮಾತ್ರ "ಯಾರಿಗರೆ ಆರಾಮ ಇಲ್ಲೇನ್ರಿ?" ಅಂತ ಕೇಳತಾರ.

ಇಷ್ಟೆಲ್ಲ ಆದ ಮ್ಯಾಲ ಸುಮ್ನ ಕೂಡ್ಲಿಲ್ಲ, ಟಿಪಿಎ 3116 ಅನ್ನೋ ಚಿಪ್ ಇರೋ ಸಣ್ಣ ಕ್ಲಾಸ್ ಡಿ (ಕರೆಂಟ್ ಕಡಿಮಿ ತಿನ್ನೋ ನಮೂನಿ) ಆಂಪ್ ಬೋರ್ಡ್ ಒಂದು ತರಿಸಿದೆ, ಅಂಗೈ ಅಷ್ಟ ಐತಿ. ಹಳೆ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಹಚ್ಚಿದ್ರ 8 ಓಮಿಗೆ 20 ವ್ಯಾಟ್ ಆಸುಪಾಸು ಕೊಡತೈತಿ. ಅದನ್ನೂ 110 ವ್ಯಾಟಿಂದನ್ನೂ ಮೀಟರ್ ಇಟ್ಟು ಸರಿಸಮ ವಾಲ್ಯೂಮ್ ಮಾಡಿ, ಯಾಕಂದ್ರ ಒಂದು ಕೂದಲ ಎಳಿ ಜೋರಿದ್ರೂ ಕಿವಿ ಅದನ್ನ ಚಲೋ ಅಂತೈತಿ, ಮಗಳಿಗೆ ಹೇಳದ ಕೇಳದ ಬದಲಿ ಮಾಡು ಅಂದು ಬೆನ್ನು ತಿರುವಿ ಕುಂತೆ. ಹತ್ತು ಸಲದಾಗ ಆರು ಸಲ ಸರಿ ಹೇಳಿದೆ. ನಾಣ್ಯ ಹಾರಿಸಿದ್ರೂ ಐದು ಬರ್ತಿತ್ತು. ಮಗಳು "ಪಪ್ಪಾ ನೀ ಸುಮ್ನ ಅಂದಾಜ್ ಹೊಡ್ಯಾಕತ್ತಿ" ಅಂದ್ಲು.

ಆ ಬೋರ್ಡಿಗೆ 12 ವೋಲ್ಟ್ ಬ್ಯಾಟರಿನೂ ನಡಿತೈತಿ, ಅವಾಗ 8 ವ್ಯಾಟ್. ನಮ್ಮ ಮನ್ಯಾಗ ಇನ್ವರ್ಟರ್ ಇಲ್ಲ. ಮೇ ತಿಂಗಳದಾಗ ಒಂದಿನ ಮಳಿ ಗಾಳಿ ಬಂದು ಸಂಜಿಗೆ ಲೈಟ್ ಹೋತು, ಫ್ಯಾನ್ ನಿಂತು, ಫ್ರಿಜ್ ನಿಂತು, ಓಣ್ಯಾಗಿನ ಎಲ್ಲಾ ಟಿವಿ ಒಂದ ಸಲಕ್ಕ ಬಾಯಿ ಮುಚ್ಚಿದ್ವು, ಬ್ಯಾಟರಿ ಮ್ಯಾಲ ಬೋರ್ಡ್ ಹಚ್ಚಿ ಮೆಲ್ಲಗ ಒಂದು ರೆಕಾರ್ಡಿಂಗ್ ಹಾಕಿದೆ. ಎರಡು ವರ್ಷದಾಗ ನನ್ನ ಸ್ಪೀಕರ್ ಅಷ್ಟು ಚಲೋ ಹಾಡಿದ್ದು ಅವತ್ತ ಮೊದಲು. ಅಳೆಯಾಕ ಮನಸ್ಸಾತು, ಕತ್ತಲಾಗ ಮೀಟರ್ ಸಿಗಲಿಲ್ಲ.

ಹಂಗಂತ ದೊಡ್ಡ ಆಂಪ್ ತಗೊಂಡವರೆಲ್ಲ ಹುಚ್ಚರು ಅಂತಲ್ಲ. ಸಿನಿಮಾ ಥೇಟರಿನಂಗ ಮನ್ಯಾಗ ನೋಡಬೇಕು ಅನ್ನೋರಿಗೆ ಲೆಕ್ಕ ಬ್ಯಾರೆ. ಥೇಟರಿನ ಅಳತಿ ಪ್ರಕಾರ ಒಂದೊಂದು ಚಾನೆಲ್ ಪೆಟ್ಟಿಗೆ 105 ಡಿಬಿ ಕುರ್ಚಿಗೆ ಮುಟ್ಟಬೇಕು. 86 ಡಿಬಿ ಸ್ಪೀಕರಿನ ದನಿ ಎಂಟೊಂಬತ್ತು ಫೂಟು ದಾಟಿ ಬರೋದರಾಗ, ಗ್ವಾಡಿ ಸ್ವಲ್ಪ ತಿರುಗಿಸಿ ಕೊಟ್ರೂ, ಒಂದೈದು ಡಿಬಿ ಸೋರತೈತಿ, ಉಳಿದಿದ್ದು 81. ಅಲ್ಲಿಂದ 105 ಅಂದ್ರ 24 ಡಿಬಿ ಏರಬೇಕು, 250 ವ್ಯಾಟ್, ಒಂದೊಂದು ಸ್ಪೀಕರಿಗೆ! ದೊಡ್ಡ ಹಾಲ್, ಮಾಳಗಿಗೆ ಹೋಗೋ ಮೆಟ್ಟಲ ಕಡೆ ಬಿಚ್ಚಿದ್ದಿದ್ರ ಇನ್ನೂ ಜಾಸ್ತಿ. ಅಂಥವರು ಸೆನ್ಸಿಟಿವಿಟಿ ಜಾಸ್ತಿ ಇರೋ ಸ್ಪೀಕರ್ ಹುಡುಕೋದು, ಬೇಸಿಗೆ ಬ್ಯಾರೆ ಸಬ್‌ವೂಫರ್ ಇಡೋದು ಸೋವಿ ಆಗತೈತಿ. ಆದ್ರ ಆ ಜೋರಿನ್ಯಾಗ ದಿನಾ ಕುಂದ್ರಬ್ಯಾಡ್ರಿ, ವಿಶ್ವ ಆರೋಗ್ಯ ಸಂಸ್ಥೆಯವರು ಹೇಳೋದು ಸರಾಸರಿ 80 ಡಿಬಿ ವಾರಕ್ಕ 40 ತಾಸು, ಅದಕ್ಕಿಂತ ಏರಿದಂಗ ತಾಸು ಲಗೂನ ಕಡಿಮಿ ಆಗ್ತಾ ಹೋಗ್ತಾವು. ನನ್ನಂಗ ಹತ್ತು ಹನ್ನೆರಡು ಫೂಟಿನ ಖೋಲ್ಯಾಗ ಕುಂತು ಹಾಡು ಕೇಳೋರಿಗೆ 86-88 ಡಿಬಿ ಸ್ಪೀಕರಿದ್ರ ಸುಳ್ಳು ಹೇಳದ ಇರೋ 30-40 ವ್ಯಾಟ್ ಸಾಕೋ ಸಾಕು, ಹಲಗಿ ಪೆಟ್ಟೂ ಅದರಾಗ ಬರ್ತೈತಿ. ನನ್ನ ಹಳೆ ಆಂಪ್ 40 ಇತ್ತು. ಅದನ್ನ ಮಾರಿ ಬಿಟ್ಟೀನಿ.

110 ವ್ಯಾಟಿಂದು ಇನ್ನೂ ಐತಿ. ಮಾರಬೇಕಂತ ಎರಡು ಸಲ ಫೋಟೋ ತಗದೆ, ಮುಂದಿನ ದಪ್ಪ ನಾಬ್ ನೋಡಿ ಮನಸ್ಸು ಬರ್ಲಿಲ್ಲ. ಅಷ್ಟ.

ಜೂನ್‌ದಾಗ ಮಾಮಾ ಕಣ್ಣು ತೋರಿಸಾಕ ಅಂತ ನವನಗರಕ್ಕ ಬಂದಿದ್ದ, ರಾತ್ರಿ ನಮ್ಮಲ್ಲೇ ಇಳಕೊಂಡ. ಮೈಕ್ ಸೆಟ್ ಕೊಟ್ಟು ಹದಿನೈದು ವರ್ಷ ಆಗೈತಿ, ಆದ್ರೂ ಬಂದವನ ಮೊದಲು ಆಂಪ್ ಹಿಂದ ಕೈ ಆಡಿಸಿ ಬಿಸಿ ಹೊರಗ ಬಿಡೋ ಹೀಟ್‌ಸಿಂಕ್ ಮುಟ್ಟಿ ನೋಡಿದ.

"ಎಷ್ಟು ವ್ಯಾಟ್ ಐತಿ ಅಳ್ಯಾ?"

"110 ಐತಿ ಮಾಮಾ, ಎರಡೂ ಕಡೆ."

"ಅಬಾಬಾ! ಯಾವ ಊರಿಗೆ ಕೇಳಬೇಕಾಗೇತಿ?"

ನಾ ಏನೂ ಹೇಳಲಿಲ್ಲ, ಮನ್ಸೂರರನ್ನ ಹಾಕಿದೆ. ಸ್ವಲ್ಪ ಜೋರ ಹಾಕಿದೆ, ಸುಳ್ಳು ಯಾಕ, ತೋರಿಸಬೇಕಿತ್ತು. ಮಾಮಾ ಗ್ವಾಡಿಗೆ ನಿಲ್ಲಿಸಿದ ಗಾದಿಗೆ ಒರಗಿ ಕಣ್ಣು ಮುಚ್ಚಿ ಎರಡು ನಿಮಿಷ ಕುಂತ, ಹಾರ್ನ್ ಬುಡಕ ನಿಂತು ನಿಂತು ಅವನ ಕಿವಿ ಈಗ ಅರ್ಧ ಮಂದ ಆಗ್ಯಾವು ಅಂತ ಮನಿ ಮಂದಿ ಅಂತಾರ. ಆಮ್ಯಾಲ ಕಣ್ಣು ತೆರೀಲಾರದನ ಮ್ಯಾಲ ಬೆರಳು ತೋರಿಸಿ, "ಮೊದಲ ಅದನ್ನ ಬಂದ್ ಮಾಡೋ" ಅಂದ.

ಬಂದ್ ಮಾಡಿದೆ. ರೆಕ್ಕಿ ಸುತ್ತಿ ಸುತ್ತಿ ನಿಂತ್ವು. ಮಾಮಾ ಅಂಗಿ ಬಿಚ್ಚಿ ಹೆಗಲಿಗೆ ಹಾಕ್ಕೊಂಡ, ಎದ್ದು ಬಂದು ತಾನ ನಾಬ್ ಕೆಳಗ ತಿರುವಿದ, ಪೆನ್ಸಿಲ್ ಗುರುತಿಗಿಂತನೂ ಕೆಳಗ, ಮತ್ತ ಹೋಗಿ ಗಾದಿಗೆ ಒರಗಿದ.